ಗೋಡೆಯ ಮೇಲಿನ ಹೆಸರು

ಬಸ್ಸಿಳಿದು ಬೆಟ್ಟದೂರು ಗುಬ್ಬಿಯೊದ ಕೋಟೆಗೋಡೆಯ ಕೆಳಬಾಗಿಲು ದಾಟುವಾಗ ಡೆಲಿಯಾಳ ಕಣ್ಣು ಗೋಡೆಯ ಮೇಲೆ ಬಿತ್ತು. ಕಪ್ಪು ಅಂಚಿನ ಸಾವಿನ ಚೀಟಿ. ದಪ್ಪ ಅಕ್ಷರದಲ್ಲಿ ಹೆಸರು: ಉಬಾಲ್ದೊ ರಮಾಚಿ.

ಕೆಳಗಿನ ಅರ್ಧದ ಮೇಲೆ ಯಾರೋ, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂಬ ಪ್ರಕಟಣೆ ಅಂಟಿಸಿದ್ದರು.

ಉಬಾಲ್ದೊ... ನನ್ನ ಉಬಾಲ್ದೊ?

ಕೈಚೀಲ ಒಮ್ಮೆಲೇ ಭಾರವಾಯಿತು. ಅದರಲ್ಲಿದ್ದುದು ಕುರಿಹಾಲಿನ ಒಂದು ದುಂಡು ಚೀಸ್. ಏಪ್ರಿಲ್‌ನಲ್ಲಿ ಅವನು ಕಣಿವೆಯಲ್ಲಿರುವ ಅವಳ ಕುರಿದೊಡ್ಡಿಗೆ ಬಂದು, ಮದುವೆಯಾಗೋಣವೇ ಎಂದು ಕೇಳಿದ ದಿನ ಅವಳು ಮಾಡಿಟ್ಟದ್ದು.

ಅಂದು ಅವಳಿಗೆ ಮಾತೇ ಹೊರಡಲಿಲ್ಲ. ಹಲಗೆಯ ಮೇಲಿನ ಚೀಸುಗಳನ್ನು ಮಗುಚುತ್ತ, ಉಪ್ಪು ಸವರುತ್ತ ನಿಂತುಬಿಟ್ಟಳು. ಅವನು ಅದನ್ನೇ ಒಲ್ಲೆನೆಂಬ ಉತ್ತರವೆಂದು ತಿಳಿದು ಹೊರಟುಹೋದ. ಮತ್ತೆ ಬರಲಿಲ್ಲ. ಅವಳೂ ಉಣ್ಣೆ ಕತ್ತರಿಸಿ ಆಗಲಿ, ಆಲಿವ್ ಕೊಯ್ಲು ಮುಗಿಯಲಿ ಎನ್ನುತ್ತ ಏಳು ತಿಂಗಳು ಕಳೆದಳು.

ಇಂದು ಉತ್ತರ ಹೊತ್ತು ಬಂದರೆ, ಕೇಳಬೇಕಾದವನೇ ಇಲ್ಲ...

ಕಲ್ಲುಮೆಟ್ಟಿಲಿನ ಬೀದಿಗಳನ್ನು ಹೇಗೆ ಹತ್ತಿದಳೋ. ರೊಟ್ಟಿ ಅಂಗಡಿಯ ಹೆಂಗಸು ಅವಳನ್ನು ಕಂಡು ಮೆಲ್ಲಗೆ ನಕ್ಕಳು. ಸಾವಾದ ದಿನ ಯಾರಾದರೂ ನಗುತ್ತಾರೆಯೇ?

ಮೇಲಿನ ಬೀದಿಯಲ್ಲಿ, ಅವನ ಮನೆಯ ಕೆಳಗಿನ ಮಣ್ಣಿನ ಪಾತ್ರೆಗಳ ಅಂಗಡಿ ಅರ್ಧ ತೆರೆದಿತ್ತು. ಕಪ್ಪು ಟೈ ಕಟ್ಟಿಕೊಳ್ಳಲಾಗದೆ ಒದ್ದಾಡುತ್ತ ಹೊರಗೆ ಬಂದವನು ಉಬಾಲ್ದೊನೇ.

ಡೆಲಿಯಾ ಇದ್ದಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗಾಬರಿಯಿಂದ ಪಕ್ಕಕ್ಕೆ ಬಂದು ಕೂತವನ ಕೆನ್ನೆ ಮುಟ್ಟಿದಳು. ಬೆಚ್ಚಗಿತ್ತು.

"ನೀನು ಸತ್ತೆ ಅಂದ್ಕೊಂಡೆ ಕಣೋ."

"ಹೋಗಿದ್ದು ನಮ್ಮಜ್ಜ ಕಣೆ. ತೊಂಬತ್ತೊಂದು ಆಗಿತ್ತು."

ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಅವಳಿಗೆ ಗೊತ್ತಿರದ ಸಂಗತಿಯೇನಲ್ಲ. ಭಯದಲ್ಲಿ ಅದು ಹೊಳೆದಿರಲಿಲ್ಲ, ಅಷ್ಟೇ. ಅಳುತ್ತಲೇ ನಕ್ಕಳು. ಹೆಣವಿರುವ ಮನೆಯ ಮುಂದೆ ನಗುತ್ತಿದ್ದೇನಲ್ಲ ಎಂದು ಬಾಯಿಗೆ ಕೈ ಅಡ್ಡ ಹಿಡಿದಳು.

ಅಜ್ಜ ನಿದ್ದೆಯಲ್ಲೇ ಹೋದರೆಂದು ಅವನು ಹೇಳಿದ. ಆಮೇಲೆ, ಚೀಟಿಯ ಕೆಳಭಾಗ ಓದಿದೆಯಾ ಎಂದು ತಡವರಿಸುತ್ತ ಕೇಳಿದ. ಇಲ್ಲವೆಂದಾಗ ಬಾಗಿಲ ಪಕ್ಕ ಅಂಟಿಸಿದ್ದ ಚೀಟಿಯನ್ನು ತೋರಿಸಿ ಮುಖ ತಿರುಗಿಸಿದ.

ದುಃಖದಲ್ಲಿರುವವರ ಹೆಸರುಗಳು ಅಲ್ಲಿದ್ದವು. ಮಗ, ಸೊಸೆ, ಕೊನೆಯ ಸಾಲಿನಲ್ಲಿ: ಮೊಮ್ಮಗ ಉಬಾಲ್ದೊ, ಡೆಲಿಯಾಳ ಜೊತೆ.

"ತನ್ನ ಚೀಟೀನ ಹೋದ ವಾರ ಅಜ್ಜನೇ ಬರೆಸಿದ್ದು. ಅವಳು ಇಲ್ಲ ಅಂದಿಲ್ವಲ್ಲೋ, ಸುಮ್ನಿದ್ದಳು ಅಷ್ಟೇ, ಅವಳ ಹೆಸರೂ ಹಾಕು ಅಂದ್ರು. ತೆಗೆಯೋಕೆ ಮನಸ್ಸಾಗ್ಲಿಲ್ಲ. ನಿಂಗೆ ಕೋಪ ಬಂದಿದ್ರೆ ಈಗ್ಲೇ ಎಲ್ಲಾ ಕಿತ್ತು ಬರ್ತೀನಿ."

"ಊರೆಲ್ಲಾ ಓದಿದ್ದಾರಾ?"

"ಕ್ಷೌರದವನು ಮದುವೆ ಊಟ ಯಾವಾಗ ಅಂತ ಆಗ್ಲೇ ಕೇಳ್ದ."

ರೊಟ್ಟಿ ಅಂಗಡಿಯವಳ ನಗು ಈಗ ಅರ್ಥವಾಯಿತು. ಡೆಲಿಯಾ ಅವನ ಟೈಯನ್ನು ನೇರ ಮಾಡಿ ಕಟ್ಟಿದಳು. ಚೀಸನ್ನು ಅವನ ಮಡಿಲಲ್ಲಿಟ್ಟಳು.

"ನೀನು ಕೇಳಿದ ದಿನ ಮಾಡಿದ್ದು. ಈಗ ಹದಕ್ಕೆ ಬಂದಿದೆ."

ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಮೂಸಿ ನೋಡಿದ.

"ಹಂಗಾದ್ರೆ... ಚೀಟಿ ಕೀಳೋದು ಬೇಡ್ವಾ?"

"ಕೀಳೋದು ಒಂದಿದೆ. ಕೆಳಬಾಗಿಲಲ್ಲಿ ನಮ್ಮ ಹೆಸರಿನ ಮೇಲೆ ನೀರಿನ ಪ್ರಕಟಣೆ ಅಂಟಿಸಿದ್ದಾರೆ. ನಡಿ, ಮೊದಲು ಅದನ್ನ ಕಿತ್ತು ಬರೋಣ."