ಅಕ್ಕನ ಹಣೆ

ನಾನು ಭಾಲ್ಕಿಯಲ್ಲಿ ಶಾಲೆ ಮಾಸ್ತರ. ಫೋಟೊ ತೆಗೆಯುವುದು ನನ್ನ ಹುಚ್ಚು. ಕಿಟಕಿಗೆ ಕಂಬಳಿ ಕಟ್ಟಿದರೆ ಅಡುಗೆಮನೆಯೇ ಕತ್ತಲಕೋಣೆ.

ನಲವತ್ತೆಂಟರ ಪೊಲೀಸ್ ಆ್ಯಕ್ಷನ್ ಗದ್ದಲದಲ್ಲಿ ಬೀದರಿಗೆ ಹೋದ ಭಾವ ಬಕ್ಕಪ್ಪ ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅಕ್ಕ ಚಂದ್ರಭಾಗಾ ಮಾತ್ರ ದಿನಾ ಕಾಸಗಲದ ಕುಂಕುಮ ಇಡುತ್ತಿದ್ದಳು. ಮರುವರ್ಷ ಅವಳದೊಂದು ಫೋಟೊ ತೆಗೆದೆ. ಕಪ್ಪು-ಬಿಳುಪಿನಲ್ಲಿ ಕುಂಕುಮ ಕಪ್ಪಗೆ ಬೀಳಬೇಕು. ಮೂರು ಸಲ ಪ್ರಿಂಟ್ ಹಾಕಿದೆ. ಮೂಗುತಿ, ಸೆರಗಿನ ಚುಕ್ಕಿ ಎಲ್ಲ ಇದ್ದವು. ಮೂರರಲ್ಲೂ ಹಣೆ ಬರಿದು.

ಮುಚ್ಚಿಡಬೇಕಿತ್ತು. ತೋರಿಸಿಬಿಟ್ಟೆ.

"ಫಿಲಂ ಕೆಟ್ಟದ ಅಕ್ಕಾ," ಎಂದೆ.

"ಫಿಲಂ ಯಾಕ ಸುಳ್ಳ ಹೇಳ್ತದೋ ತಮ್ಮಾ," ಎಂದು ಅಕ್ಕ ಸೆರಗಿನಿಂದ ಹಣೆ ಒರೆಸಿಕೊಂಡಳು. ತಾಳಿ ತೆಗೆದಳು. ಬಳೆಗಳನ್ನು ಒಡೆಯದೆ, ಒಂದೊಂದಾಗಿ ಬಿಚ್ಚಿ ಡಬ್ಬಿಯಲ್ಲಿಟ್ಟಳು.

ಆರು ವರ್ಷದ ಮೇಲೆ, ಔರಾದಿನಲ್ಲಿ ನಮ್ಮ ಬಳಗದವರ ಮದುವೆ. ಹಿಂದೆ ಮೂಲೆಯಲ್ಲಿ ಕೂತಿದ್ದ ಅಕ್ಕನ ಫೋಟೊ ಮತ್ತೆ ತೆಗೆದೆ. ಮರುದಿನ ಮಧ್ಯಾಹ್ನ ಪ್ರಿಂಟ್ ತೊಳೆಯುವಾಗ, ಆ ಬಿಸಿಲುಗಾಲದಲ್ಲೂ ಬೋಗುಣಿಯ ನೀರು ಬೆರಳು ಮರಗಟ್ಟುವಷ್ಟು ತಣ್ಣಗಾಯಿತು. ಬೆನ್ನ ಹಿಂದೆ ಬಳೆಗಳ ಸದ್ದು. ಮನೆಯಲ್ಲಿ ನಾನೊಬ್ಬನೇ ಇದ್ದೆ.

ಕಾಗದದ ಮೇಲೆ ಅಕ್ಕ ಮೂಡಿದ್ದಳು. ಬರಿಗೈ, ಬರಿಗೊರಳು. ಹಣೆಯ ನಡುವೆ ಮಾತ್ರ ಕಾಸಗಲದ ಕುಂಕುಮ, ಕಪ್ಪಗೆ.

ಅಕ್ಕ ಈಗಲೂ ಆಗಾಗ ಕೇಳುತ್ತಾಳೆ: "ಮದುವಿ ಫೋಟೊ ಏನಾತೋ ತಮ್ಮಾ?"

"ಫಿಲಂ ಕೆಟ್ಟದ ಅಕ್ಕಾ," ಎನ್ನುತ್ತೇನೆ.