ಮನಿಷಾಳ ಉದ್ದನೆಯ ಕೈ

ಜಂಪ್ ಸರ್ವ್ ಕಲಿಯಲು ನನಗೆ ಮೂರು ವರ್ಷ ಹಿಡಿಯಿತು. ಮನಿಷಾ ಒಂದೇ ಸಂಜೆಯಲ್ಲಿ ಕಲಿತಳು, ಅದೂ ನಗುನಗುತ್ತಾ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

"ಹಿಂಗ ಹೊಡಿಬೇಕೇನ್ರಿ ಸರ?" ಎನ್ನುತ್ತಾ ಚೆಂಡನ್ನು ಗೆರೆಯ ಮೇಲೆಯೇ ಅಪ್ಪಳಿಸಿದಳು.

"ಸರ ಅನಬ್ಯಾಡ. ನಾನೂ ನಿನ್ನಂಗ ಆಡಾಂವ."

"ಮತ್ತ ಕಲಸಾಕ ಯಾಕ ಬಂದೀರಿ?"

ನಾನು ವೃಷಭ, ಬಿ.ಪಿ.ಎಡ್. ವಿದ್ಯಾರ್ಥಿ. ಸಂಜೆ ಹೊತ್ತು ಕಾಗವಾಡದ ಕಾಲೇಜು ಹುಡುಗಿಯರಿಗೆ ವಾಲಿಬಾಲ್ ತರಬೇತಿ ಕೊಡುತ್ತಿದ್ದೆ. ಜುಗೂಳದಿಂದ ಬರುತ್ತಿದ್ದ ಮನಿಷಾ ಎಲ್ಲರಿಗಿಂತ ಒಂದು ಗೇಣು ಎತ್ತರ. ಜಿಗಿಯದೆಯೇ ಅವಳ ಬೆರಳು ನೆಟ್ಟಿನ ಮೇಲಿರುತ್ತಿತ್ತು. ದೇವರು ಅವಳನ್ನು ಈ ಆಟಕ್ಕೆಂದೇ ಮಾಡಿದ್ದಾನೆ ಅಂದುಕೊಂಡೆ.

ಅಭ್ಯಾಸ ಮುಗಿದ ಮೇಲೆ ಜಡೆ ಬಿಚ್ಚಿ ಕಟ್ಟುತ್ತಾ ಓರೆಗಣ್ಣಿನಲ್ಲಿ ನನ್ನನ್ನು ಹಿಡಿದುಬಿಡುತ್ತಿದ್ದಳು.

"ಅಷ್ಟ ನೋಡಬ್ಯಾಡ್ರಿ. ನೆದರ ಆಗತೈತಿ ಅಂತಾಳ ನಮ್ಮವ್ವ."

"ನಾ ಆಟ ನೋಡಾಕತ್ತೇನಿ."

"ಆಟ ಮುಗದು ಭಾಳ ಹೊತ್ತಾತಲ್ರಿ!"

ನೆದರ ಅಂದರೆ ದೃಷ್ಟಿ ತಾಗುವುದು; ಅವಳ ಅವ್ವ ಚಂದ್ರಮತಿಯವರ ಆ ಭಯ ಮಾತ್ರ ತಮಾಷೆಯದಲ್ಲ. ಮಗಳಂತೆಯೇ ಎತ್ತರವಿದ್ದ ಗಂಡ, ನಲವತ್ತು ದಾಟುವ ಮೊದಲೇ ಕಬ್ಬಿನ ಗದ್ದೆಯಲ್ಲಿ ಕುಸಿದವರು ಮತ್ತೆ ಏಳಲಿಲ್ಲ. ಅಂಥ ಆಳಿಗೆ ಯಾರದೋ ಕೆಟ್ಟ ಕಣ್ಣು ಬಿತ್ತು ಎಂದು ಊರೇ ನಂಬಿತು. ಅಂದಿನಿಂದ ಮಗಳು ಎದೆ ಹಿಡಿದಂತಾಗುತ್ತದೆ ಎಂದಾಗಲೆಲ್ಲ ಚಂದ್ರಮತಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಸ್ವಲ್ಪ ಹೊತ್ತು ಮಲಗಿದರೆ ನೋವು ಇಳಿಯುತ್ತಿತ್ತು, ಅವರ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಚಿಕ್ಕೋಡಿಯಲ್ಲಿ ಆಯ್ಕೆ ಪಂದ್ಯ. ಗೆದ್ದರೆ ಮನಿಷಾ ರಾಜ್ಯ ತಂಡಕ್ಕೆ ಹೋಗುವುದು ಖಚಿತವಿತ್ತು. ಅದರ ಹಿಂದಿನ ಸಂಜೆ ಅವಳು ನನ್ನನ್ನು ಗುದ್ದುವಂತೆ ಮುಷ್ಟಿ ಎತ್ತಿದಳು. ಒಳಗೆ ಮಡಚಿದ ಹೆಬ್ಬೆರಳಿನ ಉಗುರು ಕಿರುಬೆರಳನ್ನೂ ದಾಟಿ ಮುಷ್ಟಿಯ ಆಚೆ ಇಣುಕುತ್ತಿತ್ತು. ನನ್ನ ನಗು ನಿಂತುಹೋಯಿತು. ಇಷ್ಟು ಉದ್ದದ ಬೆರಳು ಹೃದಯದ ದೋಷದ ಗುರುತೂ ಆಗಿರಬಹುದು ಎಂದು ನಮಗೆ ತರಗತಿಯಲ್ಲಿ ಹೇಳಿದ್ದರು. ಹುಟ್ಟಾ ಆಟಗಾರನೆಂದು ಎಲ್ಲರೂ ಹೊಗಳಿದ್ದ, ಅಂಗಳದಲ್ಲೇ ಸತ್ತ ಒಬ್ಬ ಹುಡುಗನಿಗೂ ಹೀಗೇ ಇತ್ತಂತೆ.

"ಕೈ ಕೊಡು" ಎಂದೆ. ಅವಳ ಮುಂಗೈ ಹಿಡಿದದ್ದು ಅದೇ ಮೊದಲು. ಅವಳು ಕೆಂಪಾದಳು. ನಾನು ಅವಳ ಬೆರಳುಗಳ ಉದ್ದ ಅಳೆಯುತ್ತಿದ್ದೆ.

"ನಾಳೆ ಆಡಬ್ಯಾಡ ಮನಿಷಾ. ಮಿರಜ ದವಾಖಾನಿಗೆ ಹೋಗಿ ಎದಿ ತೋರಸೂಣು. ನಿಮ್ಮಪ್ಪಾರಿಗೂ ಇದ ಇತ್ತೋ ಏನೋ."

ಅವಳು ಕೈ ಕಿತ್ತುಕೊಂಡಳು. "ನನಗ ಲಗೂನ ಬಂತಂತ ನಿಮಗ ಹೊಟ್ಟಿಕಿಚ್ಚು."

ಅರ್ಧ ನಿಜವಿದ್ದ ಮಾತು, ಅದಕ್ಕೇ ಚುಚ್ಚಿತು. ಆದರೆ ಆ ಹೊಟ್ಟೆಕಿಚ್ಚು ಪ್ರೀತಿಯಾಗಿ ಎಷ್ಟೋ ತಿಂಗಳಾಗಿತ್ತು. ಅದನ್ನು ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಅವಳ ಮನೆಗೆ ಹೋಗಿ ಹೇಳಿದರೆ ಚಂದ್ರಮತಿ ಬಾಗಿಲಲ್ಲೇ ತಡೆದರು.

"ನೀನ ನೋಡಿ ನೋಡಿ ನೆದರ ಹಚ್ಚೀದಿ. ಇನ್ನ ಇತ್ತ ಬರಬ್ಯಾಡಪ್ಪಾ."

ಚಿಕ್ಕೋಡಿಯಲ್ಲಿ ನಾನು ಅವಳನ್ನು ಬೆಂಚಿನ ಮೇಲೆ ಕೂರಿಸಿದೆ. ತಂಡ ಸೋತಿತು. ಮನಿಷಾ ಬ್ಯಾಗು ಎತ್ತಿಕೊಂಡು ತಿರುಗಿಯೂ ನೋಡದೆ ಹೋದಳು. ಉಳಿದ ಹುಡುಗಿಯರೂ ಮಾತು ಬಿಟ್ಟರು.

ವಾರ ಕಳೆಯುವ ಮೊದಲೇ ಒಂದು ಬೆಳಿಗ್ಗೆ ಅವಳ ಫೋನ್ ಬಂತು. ಉಸಿರು ಎಳೆದೆಳೆದು ಮಾತಾಡುತ್ತಿದ್ದಳು.

"ಎದಿ ಭಾಳ ಹಿಡದೈತಿ. ಅವ್ವ ಉಪ್ಪು ತಗೊಂಡು ಬರಾಕ ಒಳಗ ಹೋಗ್ಯಾಳ. ನೀವು ಗಾಡಿ ತಗೊಂಡು ಬರ್ರಿ."

ಈ ಸಲ ಚಂದ್ರಮತಿ ತಡೆಯಲಿಲ್ಲ, ಜೊತೆಗೇ ಬಂದು ಆಸ್ಪತ್ರೆಯ ಹೊರಗೆ ಕುಳಿತರು. ಮಿರಜಿನ ಡಾಕ್ಟರು ಸ್ಕ್ಯಾನಿನ ಪರದೆಯನ್ನು ನಮ್ಮಿಬ್ಬರತ್ತ ತಿರುಗಿಸಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಬುಡದಲ್ಲೇ ಉಬ್ಬಿತ್ತು.

"ಉದ್ದ ಕೈ, ಸಡಿಲ ಕೀಲು ಎಲ್ಲಾ ಹುಟ್ಟಿನಿಂದ ಬಂದದ್ದ. ಇದೂ ಅದರ ಕೂಡ ಬಂದೈತಿ. ಆಟಾ ಇವತ್ತಿಗೆ ಬಂದ್. ಲಗೂನ ಆಪರೇಷನ್ ಮಾಡಬೇಕ್ರಿ. ಒಂದ ಜಿಗಿತಕ್ಕ ಒಡದಿದ್ರ ಇಲ್ಲಿ ಮಟಾ ಬರತಿದ್ದಿಲ್ಲ."

ಮನಿಷಾ ಅಳಲಿಲ್ಲ. ಮತ್ತೆ ಯಾವಾಗ ಆಡಬಹುದು ಎಂದು ಕೇಳುತ್ತಾಳೆ ಅಂದುಕೊಂಡು ನಾನು ತಲೆ ತಗ್ಗಿಸಿದೆ. ಅವಳು ಪರದೆಯ ಮೇಲಿನ ಉಬ್ಬಿಗೆ ಬೆರಳು ತೋರಿಸಿದಳು.

"ಡಾಕ್ಟರ, ನಮ್ಮ ಮಕ್ಕಳಿಗೂ ಇದು ಬರತೈತೇನ್ರಿ?"

ಡಾಕ್ಟರು ಅವಳನ್ನೂ ನನ್ನನ್ನೂ ನೋಡಿದರು. ಮದುವೆಯ ಮಾತಿರಲಿ, ಪ್ರೀತಿಯ ಮಾತನ್ನೂ ನಾವು ಆಡಿರಲಿಲ್ಲ.

"ಅರ್ಧಕ್ಕರ್ಧ ಚಾನ್ಸ್ ಐತಿ" ಎಂದರು ಮೆಲ್ಲಗೆ. "ಗಂಡಾ ಹೆಂಡ್ತಿ ಇಬ್ರೂ ಕುಂತು ವಿಚಾರ ಮಾಡ್ರಿ."

ಅವಳು ತಿದ್ದಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತು, ಆಪರೇಷನ್ ಯಾವತ್ತು ಎಂದು ಕೇಳಿದೆ.