ಒಂದಾ, ಎರಡಾ?

"ಒಂದಾ, ಎರಡಾ?" ಅಬ್ಬ ಕೇಳಿದರು.

ತಾಹೇರಾಳ ಒಂದು ಕಾಲು ಅಂಗಡಿಯ ಒಳಗಿತ್ತು, ಇನ್ನೊಂದು ಆಗಲೇ ರಸ್ತೆಗೆ ಇಳಿದಿತ್ತು. ಎದುರಿನ ಖಾಲಿ ಜಾಗದಲ್ಲಿ ತಮ್ಮ ತೌಸೀಫ್ ಲಗೋರಿಯ ಏಳು ಕಲ್ಲು ಜೋಡಿಸಿ, ಚೆಂಡನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ನಿಂತಿದ್ದ.

"ಆಪಾ, ಬರ್ತೀಯೋ ಇಲ್ವೋ? ನೀನ್ ಬರದಿದ್ರೆ ನಿನ್ ಚಾನ್ಸ್ ನಂದು!" ಎಂದು ಅಕ್ಕನನ್ನು ಕೂಗಿದ.

"ಬಂದೆ ಕಣೋ, ಕಲ್ಲು ಮುಟ್ಟಬೇಡ!"

ಅಬ್ಬನ ಮುಂದೆ ಶಾಲೆಯ ಹಾರ್ಮೋನಿಯಂ ಇತ್ತು. ಅವರು ಒಂದು ಕೈಯಲ್ಲಿ ತಿದಿ ಒತ್ತುತ್ತ, ಇನ್ನೊಂದು ಕೈಯ ಬೆರಳಿನಿಂದ ಬಲತುದಿಯಿಂದ ನಾಲ್ಕನೇ ಬಿಳಿ ಮನೆಯನ್ನು ಅದುಮಿ ಹಿಡಿದಿದ್ದರು. ಅದು ಸಣ್ಣಗೆ 'ಪೀ' ಎನ್ನುತ್ತಿತ್ತು.

"ತಾಹೇರಾ, ಒಂದಾ, ಎರಡಾ?"

"ಒಂದು ಅಬ್ಬಾ, ಒಂದು!" ಎಂದವಳೇ ಓಡಿದಳು.

ಅಬ್ಬ ತಲೆ ಆಡಿಸಿ, ಸ್ಕ್ರೂ ತಿರುಗಿಸಿ ಪೆಟ್ಟಿಗೆಯ ಮುಚ್ಚಳ ಹಾಕಿದರು.

ಕೊಪ್ಪದ ಬಸ್‌ಸ್ಟ್ಯಾಂಡಿನ ಪಕ್ಕದ ಓಣಿಯಲ್ಲಿ ಅಬ್ಬ ಮಹಮ್ಮದ್ ಶಫಿಯವರ ಅಂಗಡಿ. ಶೃಂಗೇರಿಯ ಭಜನೆಯವರು, ಎನ್.ಆರ್.ಪುರದ ನಾಟಕದವರು, ಎಲ್ಲರೂ ಹಾರ್ಮೋನಿಯಂ ಕೆಟ್ಟರೆ ಇಲ್ಲಿಗೇ ತರುತ್ತಿದ್ದರು. ಬಸರೀಕಟ್ಟೆಯಿಂದ ಜೀಪಿನಲ್ಲಿ, ಕಂಬಳಿ ಸುತ್ತಿ, ಹುಷಾರಿಲ್ಲದ ಮಗುವನ್ನು ತಂದಂತೆ ತರುತ್ತಿದ್ದವರೂ ಇದ್ದರು.

ಅಬ್ಬನ ಹತ್ತಿರ ಬರುವ ಹಾರ್ಮೋನಿಯಂಗಳಲ್ಲಿ ಬೆರಳಿಡುವ ಒಂದೊಂದು ಮನೆಗೂ ಒಳಗೆ ಎರಡೆರಡು ರೀಡು. ರೀಡು ಎಂದರೆ ಹಿತ್ತಾಳೆಯ ತೆಳ್ಳನೆಯ ನಾಲಗೆ. ಎರಡೂ ಸರಿಯಾಗಿ ಕೂಡಿದರೆ ಒಂದೇ ಸ್ವರ ನೇರವಾಗಿ ಬರುತ್ತದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸ್ವರ 'ವ್ವ ವ್ವ ವ್ವ' ಎಂದು ಅಲೆಯಾಡುತ್ತದೆ. ಆಗ ಅಬ್ಬನ ಭಾಷೆಯಲ್ಲಿ ಅದು 'ಎರಡು'. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಅದು 'ಒಂದು' ಆಗುವವರೆಗೆ ಅಬ್ಬ ಕೆರೆಯುತ್ತಿದ್ದರು.

ತಾಹೇರಾ ಎರಡನೇ ಕ್ಲಾಸಿನಲ್ಲಿದ್ದಾಗಿನಿಂದ ಈ 'ಒಂದಾ ಎರಡಾ' ನಡೆದೇ ಇತ್ತು. ಈಗ ಅವಳು ಐದನೇ ಕ್ಲಾಸು. ಇದು ಅಬ್ಬ ತನ್ನ ಜೊತೆ ಆಡುವ ಒಂದು ಆಟ ಎಂದೇ ಅವಳು ತಿಳಿದಿದ್ದಳು. ಸರಿಯಾಗಿ ಹೇಳಿದರೆ ಅಬ್ಬ "ಶಾಭಾಸ್" ಎನ್ನುತ್ತಿದ್ದರು. ಕೆಲವೊಮ್ಮೆ ಕಡಲೆ ಮಿಠಾಯಿ ಸಿಗುತ್ತಿತ್ತು.

ಶುಕ್ರವಾರ ಶಾಲೆಯಲ್ಲಿ ತ್ರಿಪುರಸುಂದರಿ ಟೀಚರ್ ಬ್ಯಾಗಿನಿಂದ ಒಂದು ಹೊಸ ವಸ್ತು ತೆಗೆದರು. ಅದು ಕಂಪಾಸ್ ಬಾಕ್ಸಿಗಿಂತ ಚಿಕ್ಕದಿತ್ತು. ಮುಂದೆ ಗಾಜಿನ ಪರದೆ, ಕೆಳಗೆ ನಾಲ್ಕು ಬಟನ್.

"ನನ್ ತಮ್ಮ ಮಂಗಳೂರಲ್ಲಿ ಗಿಟಾರ್ ಕಲಿಸ್ತಾನೆ. ಅವನು ಕೊಟ್ಟಿದ್ದು," ಎಂದರು ಟೀಚರ್. "ಇದರಲ್ಲಿ ಎರಡು ಕೆಲಸ ಆಗುತ್ತೆ. ಒಂದು ಟ್ಯೂನರ್, ಒಂದು ಮೆಟ್ರೊನೋಮ್. ಮೊದಲು ಇದನ್ನ ಕೇಳಿ."

ಬಟನ್ ಒತ್ತಿದರು. ಅದು 'ಟಿಕ್, ಟಿಕ್, ಟಿಕ್' ಎನ್ನತೊಡಗಿತು.

"ಟೀಚರ್, ನಮ್ಮನೆ ಗಡಿಯಾರನೂ ಹಿಂಗೇ ಹೇಳುತ್ತೆ," ಎಂದ ವಿಜಯ್. ಎಲ್ಲರೂ ನಕ್ಕರು.

"ನಿಮ್ಮನೆ ಗಡಿಯಾರಕ್ಕೆ ನಿಧಾನ ಮಾಡು ಅಂದ್ರೆ ಮಾಡುತ್ತೇನೋ? ಇದು ಮಾಡುತ್ತೆ. ಎಪ್ಪತ್ತಾರಕ್ಕೆ ಇಟ್ಟಿದೀನಿ. ಅಂದ್ರೆ ನಿಮಿಷಕ್ಕೆ ಎಪ್ಪತ್ತಾರು ಸಲ. ಈಗ ಹಾಡಿ ನೋಡೋಣ."

ಸೋಮವಾರ ತಾಲ್ಲೂಕು ಮಟ್ಟದ ಪ್ರತಿಭಾ ಕಾರಂಜಿ. ಇವರದು ಹನ್ನೊಂದು ಮಕ್ಕಳ ಗುಂಪುಹಾಡು. ವಿಜಯ್ ಹಾರ್ಮೋನಿಯಂ ನುಡಿಸುತ್ತಿದ್ದ, ತಾಹೇರಾ ಹಿಂದಿನ ಸಾಲಿನಲ್ಲಿ ಹಾಡುತ್ತಿದ್ದಳು. ಮೊದಲ ಚರಣದಲ್ಲಿ ಎಲ್ಲರೂ ಟಿಕ್ ಟಿಕ್ ಜೊತೆಗೇ ಇದ್ದರು. ಕೊನೆಯ ಚರಣಕ್ಕೆ ಬರುವಷ್ಟರಲ್ಲಿ, ಹರಿಹರಪುರದ ಬಸ್ಸು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಓಡತೊಡಗಿದರು. ಹಾಡು ಮುಗಿದ ಮೇಲೂ ಆ ಪೆಟ್ಟಿಗೆ ತನ್ನ ಪಾಡಿಗೆ ತಾನು 'ಟಿಕ್, ಟಿಕ್' ಎನ್ನುತ್ತಿತ್ತು. ಟೀಚರೂ ನಕ್ಕುಬಿಟ್ಟರು.

"ಇರಲಿ. ಈಗ ಇನ್ನೊಂದು ಕೆಲಸ ನೋಡೋಣ. ಸ್ವರ ಸರಿ ಇದ್ರೆ ಮುಳ್ಳು ನಡುವೆ ನಿಲ್ಲುತ್ತೆ, ಹಸಿರು ದೀಪ ಬರುತ್ತೆ. ತಪ್ಪಿದ್ರೆ ಕೆಂಪು. ವಿಜಯ್, ಒಂದು ಮನೆ ಹಿಡಿ."

ವಿಜಯ್ ಹಿಡಿದ. ಮುಳ್ಳು ನಡುವನ್ನು ದಾಟಿ ಬಲಕ್ಕೆ ಹೋಯಿತು. ಕೆಂಪು.

ಇನ್ನೊಂದು ಮನೆ. ಕೆಂಪು. ಮತ್ತೊಂದು. ಅದೂ ಕೆಂಪು.

ಟೀಚರ್ ಹುಬ್ಬು ಗಂಟಿಕ್ಕಿದರು. "ಮೊನ್ನೆ ತಾನೆ ರಿಪೇರಿ ಆಗಿ ಬಂತಲ್ವಾ ಇದು?"

ವಿಜಯ್ ಹಿಂದಿನ ಸಾಲಿನ ಕಡೆ ತಿರುಗಿದ. "ನಿಮ್ಮಪ್ಪ ರಿಪೇರಿ ಮಾಡಿದ್ದೋ, ಹಾಳು ಮಾಡಿದ್ದೋ ಮಾರಾಯ್ತಿ?"

ತಾಹೇರಾ ಆ ಯಂತ್ರದ ಕಡೆ ನೋಡಿದಳು. ಕೆಂಪು ದೀಪ ಉರಿಯುತ್ತಲೇ ಇತ್ತು.

"ವಿಜಯ್, ಸಾಕು," ಎಂದರು ಟೀಚರ್. ಆಮೇಲೆ ಮೆಲ್ಲಗೆ, "ಹರಿಹರಪುರದ ಭಜನೆಯವರ ಹತ್ರ ಬೇರೆ ಹಾರ್ಮೋನಿಯಂ ಕೇಳಿ ನೋಡ್ತೀನಿ," ಎಂದರು.

ಬೇರೆ ಹಾರ್ಮೋನಿಯಂ! ಸೋಮವಾರ ಸ್ಪರ್ಧೆಗೆ ಎಲ್ಲ ಶಾಲೆಯವರೂ ಬರುತ್ತಾರೆ. ಯಾಕೆ ಬೇರೆ ತಂದಿರಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ವಿಜಯ್ ಹೇಳಿಯೇ ಹೇಳುತ್ತಾನೆ. ತಾಹೇರಾ ಮನೆಯವರೆಗೂ ಕಲ್ಲು ಒದೆಯುತ್ತ ನಡೆದಳು.

ಅಬ್ಬ ಅಂಗಡಿಯಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತಿದ್ದರು.

"ಅಬ್ಬಾ, ನೀವು ಮಾಡಿದ್ದೆಲ್ಲ ತಪ್ಪಂತೆ! ಟೀಚರ್ ಹತ್ರ ಮಿಷನ್ ಇದೆ. ಅದೇ ಹೇಳ್ತು."

ಅಬ್ಬನಿಗೆ ಸಿಟ್ಟು ಬರಲಿಲ್ಲ. ಕನ್ನಡಕ ಹಣೆಗೇರಿಸಿ ಕೇಳಿದರು, "ಹೌದಾ? ಎಂತ ಮಿಷನ್?"

ತಾಹೇರಾ ಎಲ್ಲ ಹೇಳಿದಳು.

"ಮುಳ್ಳು ಎಡಕ್ಕೆ ಹೋಯ್ತಾ, ಬಲಕ್ಕಾ?"

"ಬಲಕ್ಕೆ."

"ಎಲ್ಲ ಮನೆಗೂ ಬಲಕ್ಕೇನಾ? ಒಂದೂ ಎಡಕ್ಕೆ ಹೋಗ್ಲಿಲ್ವಾ?"

"ಇಲ್ಲ. ಎಲ್ಲ ಬಲಕ್ಕೇ. ಅಷ್ಟಷ್ಟೇ."

ಅಬ್ಬನ ಮುಖ ಅರಳಿತು. "ನಾಳೆ ಶನಿವಾರ, ಅರ್ಧ ದಿನ ಅಲ್ವಾ? ಬೆಲ್ ಹೊಡೆದ ಮೇಲೆ ನಾನೇ ಬರ್ತೀನಿ. ಆ ಮಿಷನ್ ನೋಡಬೇಕಲ್ಲ!"

"ಬೇಡ ಅಬ್ಬಾ. ಎಲ್ರೂ ನಗ್ತಾರೆ."

"ನಗ್ಲಿ ಬಿಡು. ಹಾಡೋ ಮಕ್ಕಳು ನಗಬೇಕು."

ಶನಿವಾರ ಅಬ್ಬ ಬಂದೇ ಬಂದರು. ಬಗಲಲ್ಲಿ ಬಟ್ಟೆ ಚೀಲ, ಅದರೊಳಗೆ ಸ್ಕ್ರೂಡ್ರೈವರು, ಕೆರೆಯುವ ಸಣ್ಣ ಉಳಿ. ಅಟೆಂಡರ್ ಜಟ್ಟಪ್ಪ ಹಾರ್ಮೋನಿಯಂ ತಂದು ಬೆಂಚಿನ ಮೇಲೆ ಇಟ್ಟ. ಮನೆಗೆ ಹೋಗಬೇಕಾದ ಮಕ್ಕಳೆಲ್ಲ ಬಾಗಿಲಲ್ಲೇ ನಿಂತರು. ವಿಜಯ್ ಎಲ್ಲರಿಗಿಂತ ಮುಂದೆ ಇದ್ದ.

ಅಬ್ಬ ಮೊದಲು ಆ ಯಂತ್ರವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. "ಎಷ್ಟು ಚಂದ ಇದೆ ಮೇಡಂ!" ಎಂದರು. "ಇಲ್ಲಿ ಮೂಲೇಲಿ ನಾನೂರ ನಲವತ್ತು ಅಂತ ಇದೆಯಲ್ಲ, ಇದು ಎಂತದು?"

"ಅದು ನನಗೂ ಸರಿಯಾಗಿ ಗೊತ್ತಿಲ್ಲ ಶಫಿ ಸಾಬ್ರೆ. ಯಾವ ಎತ್ತರದಿಂದ ಸ್ವರ ಅಳೀಬೇಕು ಅನ್ನೋದಕ್ಕೆ ಅಂತೆ. ಬಟನ್ ಒತ್ತಿದ್ರೆ ಬದಲಾಗುತ್ತೆ."

"ಹಾಗಾದ್ರೆ ಸರಿ." ಅಬ್ಬ ಮಕ್ಕಳ ಕಡೆ ತಿರುಗಿದರು. "ನೋಡಿ ಮಕ್ಕಳೇ, ನಿಮ್ಮನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿ, ಟೇಪನ್ನ ನೆಲದಿಂದ ಹಿಡಿದು ಅಳತೆ ಮಾಡಿದ್ರೆ ಎಂತಾಗುತ್ತೆ?"

"ಎಲ್ರೂ ಉದ್ದ ಆಗ್ತೀವಿ!" ಎಂದಳು ಬಾಗಿಲಲ್ಲಿದ್ದ ಚೈತ್ರ.

"ಹಾಂ! ಎಲ್ರೂ ಆ ಬೆಂಚಿನಷ್ಟೇ ಹೆಚ್ಚು ಉದ್ದ ಆಗ್ತೀರಿ. ಈ ಪೆಟ್ಟಿಗೆ ಹಳೇದು. ಇದನ್ನ ಮಾಡಿದವನು ಒಂದು ಬೆಂಚು ಎತ್ತರಕ್ಕೆ ಮಾಡಿದಾನೆ. ನಾನೂ ಅದನ್ನ ಅಲ್ಲೇ ಬಿಟ್ಟಿದೀನಿ. ಮೇಡಂ, ಅದನ್ನ ಸ್ವಲ್ಪ ಮೇಲೆ ಮಾಡ್ತೀರಾ?"

ಟೀಚರ್ ಬಟನ್ ಒತ್ತಿದರು. ನಾನೂರ ನಲವತ್ತೊಂದು. ನಲವತ್ತೆರಡು. ನಲವತ್ತಮೂರು. ಅಬ್ಬ ಮನೆ ಹಿಡಿದೇ ಇದ್ದರು. ಮುಳ್ಳು ಸ್ವಲ್ಪ ಸ್ವಲ್ಪವೇ ಸರಿದು ಬಂದು ನಡುವೆ ನಿಂತಿತು.

ಹಸಿರು!

ಮುಂದಿನ ಮನೆ, ಹಸಿರು. ಅದರ ಮುಂದಿನದೂ ಹಸಿರು. ಮಕ್ಕಳು ಒಂದೊಂದಕ್ಕೂ "ಹೋ" ಎನ್ನತೊಡಗಿದರು. ತಾಹೇರಾ ಮೆಲ್ಲಗೆ ಮುಂದೆ ಬಂದಳು. ವಿಜಯ್ ಕಡೆ ಒಂದು ಸಲ ನೋಡಿದಳು. ಅವನು ಕಿಟಕಿಯ ಹೊರಗೆ ಏನೋ ಇದ್ದಂತೆ ಆ ಕಡೆ ನೋಡುತ್ತಿದ್ದ.

ಬಲತುದಿಯ ಹತ್ತಿರ ಬಂದಾಗ ಮುಳ್ಳು ನಿಲ್ಲಲಿಲ್ಲ. ಎಡಕ್ಕೂ ಬಲಕ್ಕೂ ನಡುಗಿತು. ಹಸಿರು, ಕೆಂಪು, ಹಸಿರು, ಕೆಂಪು.

"ಇದು ಮಾತ್ರ ಯಾಕೋ ಒದ್ದಾಡ್ತಿದೆ," ಎಂದರು ಟೀಚರ್.

ಅಬ್ಬ ಕಿವಿಯನ್ನು ಪೆಟ್ಟಿಗೆಗೆ ತಾಗಿಸುವಷ್ಟು ಬಗ್ಗಿದರು. ಮತ್ತೆ ನುಡಿಸಿದರು. ತಲೆ ಎತ್ತಿ, "ತಪ್ಪಾಗಿದೆ ಮೇಡಂ. ನಂದೇ ತಪ್ಪು," ಎಂದರು.

ತಾಹೇರಾ ಎಣಿಸಿದಳು. ತುದಿಯಿಂದ ಒಂದು, ಎರಡು, ಮೂರು, ನಾಲ್ಕು. ನಾಲ್ಕನೇ ಬಿಳಿ ಮನೆ. ಈಗ ಅವಳಿಗೆ ಅದು ಸ್ಪಷ್ಟವಾಗಿ ಕೇಳುತ್ತಿತ್ತು. 'ವ್ವವ್ವವ್ವ' ಎಂದು ಬೇಗ ಬೇಗ ಅಲೆಯಾಡುತ್ತಿತ್ತು. ಇಷ್ಟು ಜೋರಾಗಿ ಕೇಳುವುದು ಅಬ್ಬನಿಗೆ ಆ ದಿನ ಯಾಕೆ ಕೇಳಲಿಲ್ಲ?

ಲಗೋರಿ ಕಲ್ಲು ನೆನಪಾಯಿತು. ರಸ್ತೆಗಿಳಿದ ತನ್ನ ಕಾಲು ನೆನಪಾಯಿತು.

"ಅಬ್ಬನ ತಪ್ಪಲ್ಲ ಟೀಚರ್," ಎಂದಳು. ಸ್ವರ ಸಣ್ಣದಾಗಿತ್ತು. "ನಂದು. ಅಬ್ಬ ಕೇಳಿದಾಗ ನಾನು ಕೇಳಿಸಿಕೊಳ್ಳದೇನೇ ಒಂದು ಅಂದುಬಿಟ್ಟೆ. ಆಟಕ್ಕೆ ಹೋಗಬೇಕಿತ್ತು."

ಟೀಚರಿಗೆ ಅರ್ಥವಾಗಲಿಲ್ಲ. "ನಿನ್ನ ಯಾಕೆ ಕೇಳ್ತಾರೆ?"

ಅಬ್ಬ ಸುತ್ತ ನೋಡಿದರು. ಬಾಗಿಲ ತುಂಬ ಮಕ್ಕಳಿದ್ದರು, ಜಟ್ಟಪ್ಪನಿದ್ದ.

"ಅಂಗಡಿ ಹಾಕೋಕೆ ಮೊದಲು ನಾನು ಹತ್ತು ವರ್ಷ ಅಕ್ಕಿ ಗಿರಣಿ ಎಂಜಿನ್ ಪಕ್ಕ ಕೆಲಸ ಮಾಡಿದೆ ಮೇಡಂ," ಎಂದರು. "ಕೆಳಗಿನ ಸ್ವರ ಎಲ್ಲ ಚೆನ್ನಾಗಿ ಸಿಗುತ್ತೆ. ಮೇಲಿನ ಹನ್ನೆರಡು ಮನೆ ಕೂಡಿದ್ಯೋ ಇಲ್ವೋ ನನ್ನ ಕಿವಿಗೆ ಗೊತ್ತಾಗೋದಿಲ್ಲ. ಮೂರು ವರ್ಷದಿಂದ ಅವೆಲ್ಲ ಇವಳ ಕೆಲಸ. ನಾನು ಬರೀ ಕೆರೆಯೋದು."

ತಾಹೇರಾ ಅಬ್ಬನ ಮುಖ ನೋಡಿದಳು. ಅವರು ನಗುತ್ತಲೇ ಇದ್ದರು.

ಶೃಂಗೇರಿಯವರ ಪೆಟ್ಟಿಗೆ, ಎನ್.ಆರ್.ಪುರದವರ ಪೆಟ್ಟಿಗೆ, ಕಂಬಳಿ ಸುತ್ತಿ ತಂದ ಪೆಟ್ಟಿಗೆ, ಎಲ್ಲದರ ಮೇಲಿನ ಹನ್ನೆರಡು ಮನೆ.

"ಅಂದ್ರೆ ಬಲಗಡೆ ಹಸಿರು ಬಂದ ಆ ಮನೆಗಳೆಲ್ಲ..." ಎಂದರು ಟೀಚರ್.

"ಇವಳದೇ," ಎಂದರು ಅಬ್ಬ. "ಬಾ ತಾಹೇರಾ. ಇದೊಂದನ್ನ ಮುಗಿಸೋಣ."

ಅಬ್ಬ ಸ್ಕ್ರೂ ಬಿಚ್ಚಿದರು. ಟೀಚರ್ ಯಂತ್ರವನ್ನು ಹತ್ತಿರ ತಂದಾಗ, "ಈಗ ಬೇಡ ಮೇಡಂ," ಎಂದು ತಮ್ಮ ಕರವಸ್ತ್ರವನ್ನು ಅದರ ಮೇಲೆ ಮುಚ್ಚಿದರು. "ಮೊದಲು ಇವಳು ಹೇಳ್ಲಿ. ಆಮೇಲೆ ಅದು ಹೇಳ್ಲಿ."

ಉಳಿಯನ್ನು ರೀಡಿನ ತುದಿಗೆ ತಾಗಿಸಿ, ಮುಟ್ಟಿದರೋ ಇಲ್ಲವೋ ಎನ್ನುವಷ್ಟು ಕೆರೆದರು. ನುಡಿಸಿದರು.

"ಒಂದಾ, ಎರಡಾ?"

ತಾಹೇರಾ ಕಣ್ಣು ಮುಚ್ಚಿದಳು. "ಎರಡು."

ಮತ್ತೆ ಕೆರೆದರು.

"ಎರಡೇ. ಆದ್ರೆ ನಿಧಾನ ಆಗಿದೆ."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. "ಶ್!" ಎಂದಿತು ಇನ್ನೊಂದು ಸ್ವರ. ಅದು ವಿಜಯ್‌ನದು.

ಮತ್ತೊಂದು ಸಲ ಕೆರೆದು ನುಡಿಸಿದರು. ಅಲೆ ಉದ್ದವಾಯಿತು, ಇನ್ನೂ ಉದ್ದವಾಯಿತು. ಕೆರೆಯ ನೀರು ಗಾಳಿ ನಿಂತ ಮೇಲೆ ಸಮವಾಗುತ್ತದಲ್ಲ, ಹಾಗೆ. ತಾಹೇರಾ ಅವಸರ ಮಾಡಲಿಲ್ಲ. ಕಾದಳು.

"ಇನ್ನೊಂದು ಚೂರು ಅಬ್ಬಾ. ಒಂದೇ ಚೂರು."

ಕೆರೆದರು, ನುಡಿಸಿದರು.

"ಒಂದು."

"ನಿಜವಾಗ್ಲೂ?"

"ಒಂದು ಅಬ್ಬಾ."

ಟೀಚರ್ ಕರವಸ್ತ್ರ ತೆಗೆದರು. ಮುಳ್ಳು ಮೊಳೆ ಹೊಡೆದಂತೆ ನಡುವೆ ನಿಂತಿತ್ತು. ಹಸಿರು ದೀಪ ಅಲ್ಲಾಡಲಿಲ್ಲ. ಜಟ್ಟಪ್ಪನೇ ಮೊದಲು ಚಪ್ಪಾಳೆ ಹೊಡೆದ.

"ಅಯ್ಯೋ, ಇವಳ ಕಿವಿಗೆ ಬ್ಯಾಟರಿ ಬೇರೆ ಬೇಡ!" ಎಂದ ವಿಜಯ್. ಆಮೇಲೆ ತಾಹೇರಾಳ ಹತ್ತಿರ ಬಂದು, ಹಾರ್ಮೋನಿಯಂನ ಮೂಲೆ ಉಜ್ಜುತ್ತ, "ನಾನು ನಿನ್ನೆ ಸುಮ್ನೆ ಹೇಳಿದ್ದು ಮಾರಾಯ್ತಿ," ಎಂದ.

"ಸುಮ್ನೆ ಏನಲ್ಲ," ಎಂದಳು ತಾಹೇರಾ. "ಒಂದು ಮನೆ ತಪ್ಪಿತ್ತಲ್ಲ."

ಸೋಮವಾರ ಅದೇ ಹಾರ್ಮೋನಿಯಂ ವೇದಿಕೆ ಏರಿತು. ಟೀಚರ್ ಟಿಕ್ ಟಿಕ್ ಆರಿಸಿ ಬ್ಯಾಗಿಗೆ ಹಾಕಿಕೊಂಡಿದ್ದರು. ಆದರೂ ಮಕ್ಕಳು ಕೊನೆಯ ಚರಣದಲ್ಲಿ ಓಡಲಿಲ್ಲ. ಎರಡನೇ ಬಹುಮಾನ ಬಂತು. ಮೊದಲನೆಯದು ಹಿರೇಕೊಡಿಗೆಯ ಮಕ್ಕಳಿಗೆ ಹೋಯಿತು. ಅವರು ಚೆನ್ನಾಗಿಯೇ ಹಾಡಿದ್ದರು.

ಮರುದಿನ ಸಂಜೆ ಅಂಗಡಿಗೆ ಒಂದು ದೊಡ್ಡ ಹಾರ್ಮೋನಿಯಂ ಬಂದಿತ್ತು. ಎದುರಿನ ಖಾಲಿ ಜಾಗದಲ್ಲಿ ತೌಸೀಫ್ ಕಲ್ಲು ಜೋಡಿಸಿದ್ದ.

"ಆಪಾ, ಬಾರೇ! ಎಷ್ಟು ಹೊತ್ತು?"

ಅಬ್ಬ ಬಲತುದಿಯ ಮನೆ ಹಿಡಿದರು. "ಒಂದಾ, ಎರಡಾ?"

ತಾಹೇರಾ ಹೊಸ್ತಿಲಿನ ಮೇಲಿದ್ದ ಕಾಲನ್ನು ಒಳಗೆ ತೆಗೆದುಕೊಂಡಳು. ಅಬ್ಬನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಬಸ್‌ಸ್ಟ್ಯಾಂಡಿನಿಂದ ಹೊರಟ ಬಸ್ಸೊಂದು ಹಾರ್ನ್ ಹೊಡೆಯುತ್ತ ಓಣಿಯ ತುದಿಯಲ್ಲಿ ತಿರುಗುತ್ತಿತ್ತು.

"ತಡೀರಿ ಅಬ್ಬಾ," ಎಂದಳು. "ಬಸ್ಸು ಹೋಗ್ಲಿ."

ಅಬ್ಬ ತಿದಿ ಒತ್ತುವುದನ್ನು ನಿಲ್ಲಿಸಿ ಕಾದರು.